ಕಿವಿಗೆ ಬಿದ್ದ ಆತ್ಮಕಥೆ

ವಿನೋದಗಾರನ ಆತ್ಮಕಥೆಯನ್ನು ಪುಸ್ತಕ ಹಿಡಿದು ಓದುವುದೇ ಬೇರೆ, ಅವನ ಬಾಯಿಂದಲೇ ಕೇಳುವುದೇ ಬೇರೆ. ಅಮೆರಿಕದ ಚಲಚ್ಚಿತ್ರ ನಿರ್ದೇಶಕ ಮೆಲ್ ಬ್ರೂಕ್ಸ್ 2021ರಲ್ಲಿ, ತಮ್ಮ 95ನೆಯ ವಯಸ್ಸಿನಲ್ಲಿ, 'ಆಲ್ ಅಬೌಟ್ ಮಿ!' ಎಂಬ ಆತ್ಮಕಥೆಯನ್ನು ಪ್ರಕಟಿಸಿದರು. ಅದರ ಧ್ವನಿಪುಸ್ತಕವನ್ನೂ ತಾವೇ ಓದಿದರು. ಅಚ್ಚಿನಲ್ಲಿ ಸಪ್ಪೆಯಾಗಿ ತೋರುವ ಎಷ್ಟೋ ಮಾತು ಆ ಒರಟು ದನಿಯಲ್ಲಿ ಕಳೆಗಟ್ಟುತ್ತದೆ. ನಗೆಯ ಅರ್ಧ ಭಾಗ ಮಾತಿನಲ್ಲಿದ್ದರೆ, ಉಳಿದರ್ಧ ಮಾತಿಗೆ ಮುಂಚಿನ ತಡೆಯಲ್ಲಿರುತ್ತದೆ. ಆ ತಡೆಯನ್ನು ಅಚ್ಚುಮೊಳೆಯಲ್ಲಿ ಜೋಡಿಸಲು ಬರುವುದಿಲ್ಲ.

ಬ್ರೂಕ್ಸರ ಮಟ್ಟಿಗಂತೂ ಇದು ಸಹಜವೇ. ಅವರಿಗೆ ಹೆಸರು ತಂದ 'ಎರಡು ಸಾವಿರ ವರ್ಷದ ಮುದುಕ' ಹುಟ್ಟಿದ್ದು ಗೆಳೆಯರ ಕೂಟದ ಹರಟೆಯಲ್ಲಿ. ಮಿತ್ರ ಕಾರ್ಲ್ ರೈನರ್ ಪ್ರಶ್ನೆ ಹಾಕುವುದು, ಬ್ರೂಕ್ಸ್ ಆ ಹಣ್ಣು ಮುದುಕನಾಗಿ ಥಟ್ಟನೆ ಉತ್ತರ ಕೊಡುವುದು. 1960ರಲ್ಲಿ ಅದು ಗ್ರಾಮಫೋನ್ ತಟ್ಟೆಯಾಗಿ ಹೊರಬಂತು. ರೈನರ್ 2020ರಲ್ಲಿ ತೀರಿಕೊಂಡರು. ಧ್ವನಿಪುಸ್ತಕದಲ್ಲಿ ಈ ಪ್ರಕರಣ ಬಂದಾಗ, ಕೇಳುವವನು ಹೋಗಿ ಉತ್ತರ ಹೇಳುವವನೊಬ್ಬನೇ ಉಳಿದಿದ್ದಾನೆಂಬುದು ನಮ್ಮ ಎದೆಗೆ ತಟ್ಟುತ್ತದೆ. ಪುಟದ ಮೇಲೆ ಓದಿದವರಿಗೆ ಇಷ್ಟು ತಟ್ಟುವುದೋ ಇಲ್ಲವೋ, ಸಂದೇಹ.

ಬಾಳಿನಲ್ಲಿ ನೋವಿಗೇನೂ ಕೊರತೆಯಿರಲಿಲ್ಲ. 1926ರಲ್ಲಿ ಬ್ರೂಕ್ಲಿನ್ನಿನ ಬಡ ಯೆಹೂದಿ ಮನೆಯಲ್ಲಿ ಜನನ. ಎರಡು ವರ್ಷದ ಕೂಸಾಗಿದ್ದಾಗಲೇ ತಂದೆಯ ಮರಣ. ನಾಲ್ವರು ಗಂಡುಮಕ್ಕಳನ್ನು ಸಾಕಿದವಳು ತಾಯಿ. ಎರಡನೆಯ ಮಹಾಯುದ್ಧದಲ್ಲಿ ಯೂರೋಪಿಗೆ ಹೋಗಿ, ನೆಲದಲ್ಲಿ ಹುದುಗಿಸಿಟ್ಟ ಸಿಡಿಗುಂಡುಗಳನ್ನು ತೆಗೆಯುವ ಕೆಲಸ. ಅದೇ ಮನುಷ್ಯ ಮುಂದೆ 'ದಿ ಪ್ರೊಡ್ಯೂಸರ್ಸ್' ಚಿತ್ರದಲ್ಲಿ ಹಿಟ್ಲರನನ್ನು ಹಾಡಿ ಕುಣಿಸಿ ನಗೆಪಾಟಲು ಮಾಡಿದರು. ಅದರ ಚಿತ್ರಕಥೆಗೆ ಆಸ್ಕರ್ ಬಹುಮಾನವೂ ಬಂತು. ದ್ವೇಷಕ್ಕೆ ನಗೆಯಿಂದ ಉತ್ತರ ಕೊಟ್ಟ ಧೈರ್ಯ ಇದು; ಮೆಚ್ಚಲೇಬೇಕು.

ಆದರೆ ಎಲ್ಲಕ್ಕೂ ನಗೆಯೇ ಉತ್ತರವೆ? ಸಾವಾಗಲಿ, ಗೆಲುವಾಗಲಿ, ದನಿ ಬಹುಮಟ್ಟಿಗೆ ಅದೇ ಲವಲವಿಕೆಯದು. ದುಃಖದ ಹೊಸಿಲು ಸಿಕ್ಕಿದೊಡನೆ ಕಾಲು ಬೀಸಾಗುತ್ತದೆ. ಮೊದಲ ಮದುವೆಯ ಮಾತು ಬಂದದ್ದೂ ತಿಳಿಯದು, ಹೋದದ್ದೂ ತಿಳಿಯದು. ನಟನಟಿಯರ ಹೊಗಳಿಕೆಗೆ ಮಾತ್ರ ಸಮಯದ ಅಭಾವವಿಲ್ಲ. ಓದುಗ ಹಾಳೆ ಮಗುಚಿ ಪಾರಾಗಬಹುದು. ಕೇಳುಗನ ಪಾಡು ವಂದನಾರ್ಪಣೆ ಮುಗಿಯದ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕುಳಿತವನ ಪಾಡು.

ನಗೆಯ ಎಲ್ಲೆ ಬ್ರೂಕ್ಸರಿಗೆ ತಿಳಿಯದೆಂದಲ್ಲ. 1980ರ 'ದಿ ಎಲಿಫೆಂಟ್ ಮ್ಯಾನ್' ಅವರ ಸಂಸ್ಥೆಯ ಚಿತ್ರ. ತಮ್ಮ ಹೆಸರು ಕಂಡರೆ ಜನ ನಗಲು ಸಿದ್ಧರಾಗಿ ಬಂದಾರೆಂದು ಆ ಹೆಸರನ್ನೇ ಮರೆಮಾಡಿದರು. 1976ರ 'ಸೈಲೆಂಟ್ ಮೂವಿ'ಯಲ್ಲಿ ಇಡೀ ಚಿತ್ರಕ್ಕೆ ಒಂದೇ ಒಂದು ಮಾತಿಟ್ಟು, ಅದನ್ನೂ ಮೂಕಾಭಿನಯದ ಮಾರ್ಸೆಲ್ ಮಾರ್ಸೊ ಅವರ ಬಾಯಲ್ಲಿ ಆಡಿಸಿದರು. ಮೌನದ ಬೆಲೆ ಇಷ್ಟು ಬಲ್ಲವರು, 41 ವರ್ಷ ಜೊತೆಗಿದ್ದು 2005ರಲ್ಲಿ ಅಗಲಿದ ಪತ್ನಿ, ನಟಿ ಆನ್ ಬ್ಯಾಂಕ್ರಾಫ್ಟ್ ಅವರ ಹೆಸರು ಹೇಳಿದ ಮೇಲಾದರೂ ಇನ್ನೊಂದಿಷ್ಟು ಹೊತ್ತು ಸುಮ್ಮನಿರಬಹುದಿತ್ತು.