ದಸರೆಯ ರಾತ್ರಿ, ಬಂಬೂ ಬಿರಿಯಾನಿ

ದಸರಾ ಶುರುವಾದ ಮೇಲೆ ಮೈಸೂರಿನಲ್ಲಿ ಸಂಜೆ ಹೊತ್ತು ಯಾವ ಹುಡುಗರ ಗುಂಪನ್ನು ಕೇಳಿದರೂ "ಲೈಟಿಂಗ್ಸ್ ನೋಡಕ್ಕೆ ಹೋಗ್ತಿದೀವಿ" ಅನ್ನುತ್ತದೆ. ಅದು ಮನೆಯವರಿಗೆ ಕೊಡುವ ಕಾರಣ. ನಿಜವಾಗಿ ಹೊರಡುವುದು ತಿನ್ನಲಿಕ್ಕೆ. ಗುಂಪಿನಲ್ಲಿ ಅನುಭವಸ್ಥನೊಬ್ಬ ಇದ್ದೇ ಇರುತ್ತಾನೆ. ಬಜ್ಜಿ ಗಾಡಿಯ ಮುಂದೆ ಎರಡನೇ ಪ್ಲೇಟಿಗೆ ಕೈ ಚಾಚಿದವನನ್ನು "ಮಗಾ, ಇಲ್ಲೇ ಹೊಟ್ಟೆ ತುಂಬಿಸ್ಕೋಬೇಡ, ಇನ್ನೂ ಆಹಾರ ಮೇಳ ಇದೆ" ಎಂದು ಎಳೆದುಕೊಂಡು ಹೋಗುವುದು ಅವನ ಕೆಲಸ. ಐದು ಜನಕ್ಕೆ ಎರಡು ಪ್ಲೇಟು, ಲೆಕ್ಕ ಆಮೇಲೆ ಫೋನ್‌ಪೇಯಲ್ಲಿ. ಗುಂಡು ಹಾಕಿಕೊಂಡು ಸುತ್ತುವವರೂ ಇಲ್ಲವೆಂದಲ್ಲ. 2025ರಲ್ಲಿ ವಿಜಯದಶಮಿ ಗಾಂಧಿ ಜಯಂತಿಯಂದೇ ಬಂದು ಅವರ ಬಾಯಿಗೆ ಬೀಗ ಬಿತ್ತು. ಏನೇ ಇರಲಿ, ಒಂದು ಕಡೆಯಿಂದ ಇನ್ನೊಂದು ಕಡೆಗೆ ತಿನ್ನುತ್ತ ಹೋಗುವ ಈ ರಾತ್ರಿ ಸುತ್ತಾಟ ಈಗ ದಸರೆಯ ಒಂದು ಆಚರಣೆಯೇ ಆಗಿದೆ. ಜಂಬೂಸವಾರಿಯ ವ್ಯವಸ್ಥೆ ಹೇಗಿತ್ತು, ಯುವ ದಸರೆಯನ್ನು ಉತ್ತನಹಳ್ಳಿಗೆ ಸಾಗಿಸಿದ್ದು ಸರಿಯೇ ಎಂದೆಲ್ಲ ಚರ್ಚೆ ಮಾಡುವ ನಾವು ಇದನ್ನೂ ಸ್ವಲ್ಪ ತೂಗಿ ನೋಡಬೇಕು.

ಮೊದಲು ದೀಪಾಲಂಕಾರ. ಅರಮನೆಯದು ಈಗಲೂ ಎದುರಿಲ್ಲದ್ದು. 1897ರ ಬೆಂಕಿಯಲ್ಲಿ ಹಳೆಯ ಮರದ ಅರಮನೆ ಹೋದ ಮೇಲೆ ಹೆನ್ರಿ ಇರ್ವಿನ್ ನಕ್ಷೆ ಹಾಕಿ, 1912ಕ್ಕೆ ಮುಗಿದ ಈ ಕಟ್ಟಡದ ಮೇಲೆ ಸುಮಾರು ಒಂದು ಲಕ್ಷ ಬಲ್ಬುಗಳಿವೆ. ಒಂದೂ ತನ್ನ ಪ್ರತಾಪ ತೋರಿಸುವುದಿಲ್ಲ. ಕಮಾನು ಇದ್ದಲ್ಲಿ ಕಮಾನಾಗಿ, ಗೋಪುರ ಇದ್ದಲ್ಲಿ ಗೋಪುರವಾಗಿ ಕಟ್ಟಡದ ಗೆರೆ ಹಿಡಿದು ಹೋಗುತ್ತವೆ. ಅಲ್ಲಿಂದ ಸಯ್ಯಾಜಿರಾವ್ ರಸ್ತೆಗೆ ಬಂದರೆ ಎಲ್‌ಇಡಿಯ ಗಂಡಭೇರುಂಡ, ನವಿಲು, ರಾಕೆಟ್ಟು. ಎಲ್ಲವೂ ಮಿಣುಕುತ್ತವೆ, ಬಣ್ಣ ಬದಲಿಸುತ್ತವೆ. ಮೊಬೈಲಿನಲ್ಲಿ ಚೆನ್ನಾಗಿ ಬರುತ್ತವೆ, ನಿಜ. ಆದರೆ ಪ್ರತಿ ವೃತ್ತದಲ್ಲೂ ಒಂದೊಂದು ಆಕೃತಿ ನಿಂತು ಕೂಗಿದರೆ ಕಣ್ಣು ಎಲ್ಲಿ ಕೂರಬೇಕು? ದೊಡ್ಡ ಗಡಿಯಾರದ ಹತ್ತಿರ ಹೋಗುವ ಹೊತ್ತಿಗೆ ಯಾರೂ ಮೇಲೆ ನೋಡುತ್ತಿರುವುದಿಲ್ಲ.

ದೊಡ್ಡಕೆರೆ ಮೈದಾನದ ವಸ್ತುಪ್ರದರ್ಶನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿಯ ಡೆಲ್ಲಿ ಹಪ್ಪಳದಲ್ಲಿ ಇರುವುದು ಗಾಳಿ ಮತ್ತು ಅಚ್ಚಖಾರದ ಪುಡಿ. ಅದನ್ನು ಮುರಿಯದೆ ಎಕ್ಸಿಬಿಷನ್ನಿನಿಂದ ಹೊರಗೆ ಬಂದ ಮೈಸೂರಿನವರನ್ನು ನಾನು ಕಂಡಿಲ್ಲ.

ಸುತ್ತಾಟದ ತಿರುಳು ಇರುವುದು ಆಹಾರ ಮೇಳದಲ್ಲಿ. ಸ್ಕೌಟ್ಸ್ ಅಂಡ್ ಗೈಡ್ಸ್ ಮೈದಾನದಲ್ಲಿ ಬಹಳ ಕಾಲ ನಡೆದ ಮೇಳ ಇತ್ತೀಚೆಗೆ ಮಹಾರಾಜ ಕಾಲೇಜು ಮೈದಾನಕ್ಕೆ ಬಂದಿದೆ. ಜೋಳದ ರೊಟ್ಟಿ, ನೀರು ದೋಸೆ, ದಾವಣಗೆರೆ ಬೆಣ್ಣೆ ದೋಸೆ ಒಂದೇ ಅಂಗಳದಲ್ಲಿ ಸಿಗುವುದು ದೊಡ್ಡ ಅನುಕೂಲ. ಜೊತೆಗೆ ಗೋಬಿ ಮಂಚೂರಿ ಮಳಿಗೆಗಳ ಸಾಲೂ ಇರುತ್ತದೆ. ಅದಕ್ಕೆ ಮೇಳ ಬೇಕಿರಲಿಲ್ಲ, ಬಡಾವಣೆಯ ತಿರುವು ಸಾಕಿತ್ತು. ಮುದ್ದೆ ತಿನ್ನುವ ಸ್ಪರ್ಧೆಗೆ ನಗುವವರೇ ಹೆಚ್ಚು. ಮುದ್ದೆಯನ್ನು ನುಂಗುವುದು ಒಂದು ಹದ. ಗಡಿಯಾರ ಹಿಡಿದುಕೊಂಡು ತಿಂದರೆ ಅದು ಊಟವಲ್ಲ, ಶಿಕ್ಷೆ.

ಎಲ್ಲಕ್ಕಿಂತ ಉದ್ದದ ಸಾಲು ಆದಿವಾಸಿಗಳ ಮಳಿಗೆಯ ಮುಂದೆ. ಬಂಬೂ ಬಿರಿಯಾನಿ. ಹಸಿ ಬಿದಿರನ್ನು ಒಂದು ಗಿಣ್ಣು ಉಳಿಯುವಂತೆ ಕತ್ತರಿಸಿ, ಕೊಳವೆಯೊಳಗೆ ಅಕ್ಕಿ, ಮಸಾಲೆ ಹಚ್ಚಿದ ಕೋಳಿ, ನೀರು ತುಂಬಿ, ಬಾಯಿಗೆ ಎಲೆ ತುರುಕಿ, ಬೆಂಕಿಗೆ ಒರಗಿಸಿ ನಿಲ್ಲಿಸುತ್ತಾರೆ. ಆಗಾಗ ತಿರುಗಿಸಬೇಕು. ಹಸಿರು ಸಿಪ್ಪೆ ಮೊದಲು ಹಳದಿಯಾಗುತ್ತದೆ, ಆಮೇಲೆ ಕಂದು, ಕೊನೆಗೆ ಕಪ್ಪು. ಬಾಯಿಯ ಎಲೆಯಂಚಿನಿಂದ ನೀರು ಗುಳುಗುಳು ಎನ್ನುತ್ತದೆ. ಬೆಂದ ಮೇಲೆ ಕೊಳವೆಯನ್ನು ಬಗ್ಗಿಸಿ ಕುಟ್ಟಿದರೆ ಅನ್ನ ಇಳಿಯುತ್ತದೆ. ಬಿದಿರಿಗೆ ತಾಗಿಕೊಂಡಿದ್ದ ಅನ್ನದ ಪದರವಿದೆಯಲ್ಲ, ಇಡೀ ರಾತ್ರಿಯಲ್ಲಿ ಬಾಯಿಗೆ ಬಿದ್ದ ಒಳ್ಳೆಯ ತುತ್ತು ಅದು. ಹೊಗೆಯೂ ಹಸಿರೂ ಸೇರಿದ ಒಂದು ಘಮ. ನಡುವಿನ ಅನ್ನಕ್ಕೆ ಆ ಭಾಗ್ಯವಿಲ್ಲ, ಅಲ್ಲಿ ಊರಿನ ಬಿರಿಯಾನಿ ಮಸಾಲೆಯದೇ ದರಬಾರು. ರಶ್ಶು ಹೆಚ್ಚಾದ ಹೊತ್ತಿನಲ್ಲಿ ತಿಂದರೆ ಬಿದಿರಿನ ರುಚಿ ಇನ್ನೂ ಕಡಿಮೆ. ಬೆಂಕಿಯ ಮುಂದೆ ನಿಲ್ಲಬೇಕಾದ ಅಡುಗೆಗೆ ಅವಸರ ಆಗಿಬರುವುದಿಲ್ಲ.

ತೊಂದರೆ ತಟ್ಟೆಯಲ್ಲಿಲ್ಲ, ಸಾಲಿನಲ್ಲಿದೆ. ಹುಲ್ಲಿನ ಮಾಡು, ಬಿದಿರ ತಡಿಕೆ, ಮೇಲೆ ಸೀರಿಯಲ್ ಲೈಟು. ಅದರ ಮುಂದೆ ನಿಂತು ಸೆಲ್ಫಿ. ಕಾಡನ್ನು ಊರಿನ ರಾತ್ರಿಯ ಮೋಜಿಗೆ ತರುವುದರಲ್ಲಿ ನಾವು ಮೊದಲಿಗರೇನಲ್ಲ. ಅಮೆರಿಕದಲ್ಲಿ 1930ರ ದಶಕದಲ್ಲಿ ಹುಟ್ಟಿದ ಟಿಕಿ ಬಾರುಗಳ ಕಸುಬೇ ಇದು. ಹಾಲಿವುಡ್‌ನಲ್ಲಿ ಅರ್ನೆಸ್ಟ್ ಗ್ಯಾಂಟ್ ಎಂಬಾತ ಡಾನ್ ದಿ ಬೀಚ್‌ಕೋಂಬರ್ ಎಂಬ ಹೆಸರಿನಲ್ಲಿ, ಓಕ್ಲೆಂಡ್‌ನಲ್ಲಿ ವಿಕ್ಟರ್ ಬರ್ಜರಾನ್ ಟ್ರೇಡರ್ ವಿಕ್ ಎಂಬ ಹೆಸರಿನಲ್ಲಿ ಬಿದಿರು, ಹುಲ್ಲು, ಪೆಸಿಫಿಕ್ ದ್ವೀಪಗಳ ದೇವರ ಕೆತ್ತನೆ ಜೋಡಿಸಿ ಕುಡಿಯುವ ಮನೆ ಕಟ್ಟಿದರು. ಸುರಿದದ್ದು ಕೆರಿಬಿಯನ್ ಕಡೆಯ ರಮ್ಮು, ಬಡಿಸಿದ್ದು ಚೀನೀ ಅಡುಗೆ. ಮಾಯ್ ಟಾಯ್ ಎಂಬ ಅವರ ಹೆಸರಾಂತ ಪಾನೀಯವನ್ನು 1944ರಲ್ಲಿ ತಾನೇ ಬೆರೆಸಿದೆನೆಂದು ಬರ್ಜರಾನ್ ಹೇಳಿಕೊಂಡ. ದ್ವೀಪದವರ ಪಾಲಿಗೆ ಉಳಿದದ್ದು ಗೋಡೆಯ ಮೇಲಿನ ಗೊಂಬೆ. ಇಂದಿಗೂ ಅಲ್ಲಿ ಗೆಳೆಯರು ಹೂವಿನ ಅಂಗಿ ತೊಟ್ಟು ಟಿಕಿ ಬಾರಿನಿಂದ ಟಿಕಿ ಬಾರಿಗೆ ರಾತ್ರಿಯೆಲ್ಲ ಸುತ್ತುತ್ತಾರೆ, ನಾವು ಇಲ್ಲಿ ಸುತ್ತುವ ಹಾಗೆಯೇ.

ಮೈಸೂರಿನ ಪರವಾಗಿ ಒಂದು ಮಾತು ಹೇಳಲೇಬೇಕು. ನಮ್ಮ ಮಳಿಗೆಯಲ್ಲಿ ಬೆಂಕಿಯ ಮುಂದೆ ಕೂತವರು ಕಾಡಿನ ಕಡೆಯವರೇ, ದುಡಿಮೆ ಅವರದೇ. ಟಿಕಿ ಬಾರಿಗೆ ಈ ಮರ್ಯಾದೆಯೂ ಇರಲಿಲ್ಲ. ಹಾಗಾಗಿ ಮಳಿಗೆ ಬೇಡ ಎನ್ನುವ ಮಾತೇ ಇಲ್ಲ. ಆದರೆ ಮೇಳದ ಬೋರ್ಡಿನಲ್ಲಿ ಅವರು ಬರೀ "ಆದಿವಾಸಿಗಳು". ಜೇನುಕುರುಬರೋ, ಸೋಲಿಗರೋ, ಯಾವ ಹಾಡಿಯವರೋ ತಿನ್ನುವವರಿಗೆ ತಿಳಿಯುವುದಿಲ್ಲ. ಇತ್ತ ಜಂಬೂಸವಾರಿಗೆ ಬಂದ ಆನೆಗಳ ಜೊತೆ ಮಾವುತರ, ಕಾವಾಡಿಗರ ಕುಟುಂಬಗಳು ಹತ್ತಿರ ಹತ್ತಿರ ಎರಡು ತಿಂಗಳು ಅರಮನೆ ಆವರಣದ ಶೆಡ್ಡುಗಳಲ್ಲಿ ಇರುತ್ತವೆ. ಮಕ್ಕಳಿಗೆ ಅಲ್ಲೇ ಟೆಂಟ್ ಶಾಲೆ. ಅವರಲ್ಲಿ ಜೇನುಕುರುಬರು ಅನೇಕರು. ಅದೇ ಸಮುದಾಯದ 52 ಕುಟುಂಬಗಳು ದಶಕಗಳ ಹಿಂದೆ ಒಕ್ಕಲೆಬ್ಬಿಸಿದ್ದ ತಮ್ಮ ಜಾಗಕ್ಕೆ, ನಾಗರಹೊಳೆಯ ಕರಡಿಕಲ್ಲು ಅತ್ತೂರು ಕೊಲ್ಲಿಗೆ, 2006ರ ಅರಣ್ಯ ಹಕ್ಕು ಕಾಯ್ದೆಯನ್ನು ಮುಂದಿಟ್ಟುಕೊಂಡು 2025ರ ಮೇ ತಿಂಗಳಲ್ಲಿ ಮರಳಿ ಹೋದಾಗ ಅರಣ್ಯ ಇಲಾಖೆ ಎದುರಾಯಿತು. ಮೈದಾನದಲ್ಲಿ ಹುಲ್ಲಿನ ಮಾಡಿಗೆ ನಾವು ಸಾಲು ನಿಲ್ಲುತ್ತೇವೆ. ಕಾಡಿನಲ್ಲಿ ಅದೇ ಮಾಡು ಅತಿಕ್ರಮಣ.

ಒಟ್ಟಿನಲ್ಲಿ ಈ ಸುತ್ತಾಟ ಒಳ್ಳೆಯ ಆಚರಣೆ. ಪಾಸು, ಟಿಕೆಟ್ಟು, ವಿಐಪಿ ಕುರ್ಚಿಗಳ ದಸರೆಯಲ್ಲಿ ಸಾಮಾನ್ಯರ ಕೈಗೆ ಪೂರ್ತಿಯಾಗಿ ದಕ್ಕಿರುವುದು ಇದೊಂದೇ. ಆಹಾರ ಮೇಳದ ಉಪಸಮಿತಿಯವರು ಆ ಬೋರ್ಡಿನಲ್ಲಿ ಸಮುದಾಯದ ಹೆಸರು, ಹಾಡಿಯ ಹೆಸರು ಬರೆಸಲಿ. ಬಿರಿಯಾನಿಯ ಪಕ್ಕದಲ್ಲಿ ಅವರು ಮನೆಯಲ್ಲಿ ಉಣ್ಣುವ ಕಳಲೆ, ಕಾಡುಗೆಣಸು, ಸೊಪ್ಪಿನ ಸಾರಿಗೂ ಒಂದು ಮೇಜು ಸಿಗಲಿ. ನೀವು ಹೋಗುವುದಾದರೆ ಸಂಜೆ ಆರಕ್ಕೇ ಹೋಗಿ, ರಶ್ಶು ಆಗುವ ಮುಂಚೆ. ಬಿದಿರು ಬೇಯುವಷ್ಟು ಹೊತ್ತು ಮೊಬೈಲು ಜೇಬಿನಲ್ಲಿಟ್ಟು, ಬೇಯಿಸುತ್ತಿರುವವರ ಊರು ಯಾವುದೆಂದು ಕೇಳಿ.