ಅಚ್ಚು ಒಂದು, ಊರು ಐದು

ಏಪ್ರಿಲ್ ಬಂತೆಂದರೆ ಸೇಡಂ, ಚಿಂಚೋಳಿ ಕಡೆಯ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ಬಾಗಿಲು ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಕಲಬುರಗಿ ವಿಭಾಗದ ಬಿಸಿಲಿಗೆ ಸರ್ಕಾರ ಕೊಡುವ ಎರಡು ತಿಂಗಳ ರಿಯಾಯಿತಿ ಅದು. ಜಾಲತಾಣದ ಥೀಮ್, ಅಂದರೆ ಪುಟಗಳ ಸಿದ್ಧ ಅಚ್ಚು, ಎಷ್ಟು ಒಳ್ಳೆಯದೆಂದು ಅಳೆಯಲು ಈ ವೇಳೆ ಬದಲಾವಣೆಗಿಂತ ಒಳ್ಳೆಯ ಅಳತೆಗೋಲು ನನಗೆ ಸಿಕ್ಕಿಲ್ಲ. ಪುಟದ ಬುಡದಲ್ಲಿರುವ ‘10ರಿಂದ 5.30’ ಎಂಬುದನ್ನು ಪುರಸಭೆಯ ಗುಮಾಸ್ತರು ಕುರ್ಚಿಯಿಂದ ಏಳದೆ ತಿದ್ದಬಲ್ಲರೇ? ಅದಕ್ಕೂ ಬೆಂಗಳೂರಿಗೆ ಪತ್ರ ಬರೆಯಬೇಕೆಂದರೆ, ಉತ್ತರ ಬರುವ ಹೊತ್ತಿಗೆ ಮುಂಗಾರು ಹಿಡಿದಿರುತ್ತದೆ.

ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿ ಪುರಸಭೆಗಳಿಗೂ ಶಹಾಬಾದ್ ನಗರಸಭೆಗೂ ರಾಜ್ಯದ ಉಳಿದ ಪಟ್ಟಣಗಳಂತೆ ಒಂದೇ ಅಚ್ಚಿನ ತಾಣಗಳು. ಜಿಲ್ಲೆಯ ತಾಣ ಕೇಂದ್ರ ಸರ್ಕಾರದ ಎನ್‌ಐಸಿಯವರ ‘ಎಸ್‌3ವಾಸ್’ ಅಚ್ಚಿನದು; ದೇಶದ ನೂರಾರು ಜಿಲ್ಲೆಗಳದೂ ಅದೇ. ಎಲ್ಲ ಒಂದೇ ಥರ ಎಂಬ ದೂರು ನನ್ನದಲ್ಲ. ಶಹಾಬಾದಿನ ಪರ್ಸಿ ಕಲ್ಲೂ ಒಂದೇ ಅಳತೆಯಲ್ಲಿ ಬರುತ್ತದೆ. ಕೂಡಿಸುವವನು ಗೋಡೆಯಂಚಿನ ಸಾಲನ್ನಷ್ಟೇ ಕತ್ತರಿಸಿ ಕೋಣೆಗೆ ಹೊಂದಿಸುತ್ತಾನೆ. ಥೀಮ್ ಮಾಡುವವರ ಕಸುಬುದಾರಿಕೆ ಕಾಣುವುದೂ ಆ ಅಂಚಿನಲ್ಲೇ.

ಎಸ್‌3ವಾಸ್‌ನಲ್ಲಿ ನನಗೆ ಮೆಚ್ಚಿಕೆಯಾದದ್ದು ಸೂಚನೆಗಳ ಕೋಷ್ಟಕ. ಶೀರ್ಷಿಕೆ, ವಿವರ, ಆರಂಭದ ದಿನ, ಮುಕ್ತಾಯದ ದಿನ, ಕಡತ, ಇಷ್ಟೇ ಕಂಬಗಳು. ದಿನ ಮುಗಿದ ಟೆಂಡರು ತಾನಾಗಿ ಹಳೆಯ ಕಡತಗಳ ಸಾಲಿಗೆ ಸರಿಯುತ್ತದೆ, ಯಾರೂ ನೆನಪಿಟ್ಟು ಅಳಿಸಬೇಕಿಲ್ಲ. ಆದರೆ ಸರ್ಕಾರಿ ತಾಣಗಳಲ್ಲಿ ಇಂಥ ‘ವಿವರ’ದ ಕಂಬದಲ್ಲಿ ಶೀರ್ಷಿಕೆಯೇ ಮತ್ತೊಮ್ಮೆ ಕೂತಿರುವುದನ್ನು, ನಿಜವಾದ ಸಂಗತಿಯೆಲ್ಲ ಮೊಹರು ಒತ್ತಿ ಸ್ಕ್ಯಾನ್ ಮಾಡಿದ ಪಿಡಿಎಫ್‌ನೊಳಗೆ ಅವಿತಿರುವುದನ್ನು ಎಷ್ಟು ಸಲ ನೋಡಿದ್ದೇನೋ. ಹುಡುಕಿದರೆ ಸಿಗುವುದಿಲ್ಲ, ಕಣ್ಣು ಕಾಣದವರ ಫೋನು ಅದನ್ನು ಓದಿ ಹೇಳುವುದಿಲ್ಲ. ಗುಮಾಸ್ತರನ್ನು ಸೋಮಾರಿ ಎನ್ನುವುದು ಸುಲಭ. ಯೂನಿಕೋಡ್ ಅಲ್ಲದ ಹಳೆಯ ‘ನುಡಿ’ ತಂತ್ರಾಂಶದ ಅಕ್ಷರದಲ್ಲಿ ಟೈಪಾದ ಪ್ರಕಟಣೆಯನ್ನು ಆ ಚೌಕಕ್ಕೆ ಅಂಟಿಸಿ ನೋಡಿ: ಕನ್ನಡ ಹೋಗಿ ಇಂಗ್ಲಿಷ್ ಅಕ್ಷರಗಳ ಚಿಂದಿ ಉಳಿಯುತ್ತದೆ. ಸ್ಕ್ಯಾನ್ ಮಾಡದೆ ಇನ್ನೇನು ಮಾಡಿಯಾರು? ಅಂಟಿಸಿದ ಕೂಡಲೇ ಯೂನಿಕೋಡ್‌ಗೆ ತಿರುಗಿಸುವ ಒಂದು ಗುಂಡಿ ಅಲ್ಲಿದ್ದಿದ್ದರೆ ಹತ್ತು ಹೊಸ ಬಣ್ಣದ ಥೀಮ್‌ಗಳಿಗಿಂತ ಹೆಚ್ಚಿನ ಉಪಕಾರವಾಗುತ್ತಿತ್ತು.

ಇನ್ನೊಂದು ತಕರಾರು ಅಕ್ಷರಗಳದು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡ ಇರುವುದು ಸೇಡಂ ತಾಲ್ಲೂಕಿನಲ್ಲಿ. ಆ ಊರಿನ ಪರಿಚಯ ಬರೆದರೆ ‘ರಾಷ್ಟ್ರಕೂಟ’ ಬಂದೇ ಬರುತ್ತದೆ. ಇಂಗ್ಲಿಷಿನ ಸಾಲಿನ ಎತ್ತರಕ್ಕೆ ಕಟ್ಟಿದ ಚೌಕದಲ್ಲಿ ಆ ಒತ್ತಕ್ಷರದ ಬಾಲ ಕೆಳಗಿನ ಸಾಲಿಗೆ ತಾಗುತ್ತದೆ, ಇಲ್ಲವೇ ಅರ್ಧಕ್ಕೆ ಕತ್ತರಿಸಿಹೋಗುತ್ತದೆ. ‘ಹೋಮ್’ಗೆ ಹೊಲಿದ ಗುಂಡಿಯಲ್ಲಿ ‘ಜನನ ಮತ್ತು ಮರಣ ಪ್ರಮಾಣಪತ್ರ’ ಹಿಡಿಸುವುದೆಂತು? ಥೀಮ್ ಮಾಡುವವರು ಮಾದರಿ ಪುಟದಲ್ಲಿ ಲ್ಯಾಟಿನ್ ತುಂಬುವ ಬದಲು ಈ ಎರಡು ಮಾತು ತುಂಬಿ ನೋಡಿದ್ದರೆ ಸಾಕಿತ್ತು.

ಗುಮಾಸ್ತರಿಗೆ ಮುಟ್ಟಲು ಬಿಡಬಾರದ್ದೂ ಇದೆ: ಬಣ್ಣ, ಅಂಚು, ಅಕ್ಷರದ ಗಾತ್ರ. ತಾಣ ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್‌ನ 5.0 ಆವೃತ್ತಿ 2018ರ ಡಿಸೆಂಬರಿನಲ್ಲಿ ಬಂದಾಗಿನಿಂದ ಅದರಲ್ಲಿ ಪುಟವೆಂದರೆ ಬ್ಲಾಕುಗಳ ಜೋಡಣೆ. ಬೇಕಾದ ಬ್ಲಾಕಿಗೆ ಬೀಗ ಹಾಕಿ ಉಳಿದದ್ದನ್ನು ತೆರೆದಿಡುವುದು ಈಗ ದೊಡ್ಡ ಕೆಲಸವೇನಲ್ಲ. ಊರಿನ ಹೆಸರು ಮಾತ್ರ ಒಂದೇ ಕಡೆ ಬರೆದಿರಬೇಕು. 2014ರ ನವೆಂಬರ್ 1ರಂದು ಗುಲಬರ್ಗಾ ಕಲಬುರಗಿಯಾಯಿತು. ಆಮೇಲೆ ಶಹಾಬಾದ್, ಚಿತ್ತಾಪುರದಿಂದ ಬೇರ್ಪಟ್ಟು ತಾಲ್ಲೂಕಾಯಿತು. ಹೆಸರನ್ನು ಬ್ಯಾನರಿನ ಚಿತ್ರದೊಳಗೇ ಕೆತ್ತಿಟ್ಟವರಿಗೆ ಅದನ್ನು ತಿದ್ದಲು ಕಲಾವಿದರೇ ಬೇಕು.

ಆ ಬ್ಯಾನರಿನದೇ ಒಂದು ಕಥೆ. ಪುರಸಭೆಯ ತಾಣಕ್ಕೆ ಬಂದವರಿಗೆ ಬೇಕಾದದ್ದು ನಲ್ಲಿಗೆ ನೀರು ಯಾವಾಗ, ತೆರಿಗೆ ಎಲ್ಲಿ ಕಟ್ಟಬೇಕು ಎಂಬುದು. ಅವರಿಗೆ ಮೊದಲು ಕಾಣುವುದು ಸರಿಯುತ್ತಲೇ ಇರುವ ಮೂರು ಚಿತ್ರ. ಬೇಸಿಗೆಯಲ್ಲಾದರೂ ಅವುಗಳನ್ನು ಕೆಳಗೆ ತಳ್ಳಿ, ನೀರಿನ ಸರದಿಯ ಪಟ್ಟಿಯನ್ನು ಮೇಲಕ್ಕೆ ತರುವ ಅಧಿಕಾರ ಚಿಂಚೋಳಿಯ ಮೇಜಿಗೇ ಇರಲಿ. ಜೂನಿನಲ್ಲಿ ತಮ್ಮ ತಾಲ್ಲೂಕಿನ ಚಂದ್ರಂಪಳ್ಳಿ ಜಲಾಶಯದ ಹಸಿರು ಚಿತ್ರವನ್ನು ಮತ್ತೆ ಮೇಲಕ್ಕೆ ಹತ್ತಿಸಿಕೊಳ್ಳುತ್ತಾರೆ.