ಬೆಳ್ಳಿಯ ಮಾತು: ‘ಸಂಸ್ಕಾರ’ವೂ ರಾಯಚೂರು ಸೀಮೆಯ ಪಿಡುಗುಗಳೂ

ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ವನ್ನು (1965) ಪ್ರಾಣೇಶಾಚಾರ್ಯರ ಅಂತರಂಗದ ಕಥೆಯೆಂದು ಓದುವುದು ನಮ್ಮಲ್ಲಿ ರೂಢಿಯಾಗಿದೆ. ಆ ಓದು ತಪ್ಪಲ್ಲ. ಆದರೆ ಅದರಲ್ಲಿ ಪ್ಲೇಗು ಬರಿಯ ಹಿನ್ನೆಲೆಯಾಗಿ ಉಳಿಯುತ್ತದೆ. ಒಂದು ಊರು ಪಿಡುಗನ್ನು ಎದುರಿಸಲಾರದೆ ಹೋದ ಕಥೆಯೆಂದು ಓದಿದರೆ ಬೇರೊಂದು ಪಾತ್ರ ಮುಂದೆ ಬರುತ್ತದೆ. ಆಕೆ ಬೆಳ್ಳಿ.

ಶಿವಮೊಗ್ಗೆಯಿಂದ ಜ್ವರ ಹೊತ್ತು ಬಂದ ನಾರಣಪ್ಪ ಸತ್ತೊಡನೆ, ಶವಸಂಸ್ಕಾರದ ಅಧಿಕಾರ ಯಾರದೆಂಬ ಚರ್ಚೆಯಲ್ಲಿ ಅಗ್ರಹಾರ ತೊಡಗುತ್ತದೆ. ಆಚಾರ್ಯರು ಗ್ರಂಥಗಳಲ್ಲಿ ಉತ್ತರ ಅರಸುತ್ತಾರೆ, ಮಾರುತಿಗೆ ಮೊರೆಯಿಡುತ್ತಾರೆ, ಉಳಿದವರು ಕಾಯುತ್ತಾರೆ. ಅತ್ತ ಅಗ್ರಹಾರದ ಹೊರಗಿನ ಕೇರಿಯಲ್ಲಿ ಜನ ಜ್ವರದಿಂದ ಸಾಯುತ್ತಿದ್ದಾರೆ. ಶವವಿರುವ ಗುಡಿಸಲಿಗೇ ಬೆಂಕಿಯಿಡಲಾಗುತ್ತಿದೆ. ಇಲಿಗಳ ಸಾವನ್ನೂ ಮನುಷ್ಯರ ಸಾವನ್ನೂ ಒಟ್ಟಿಗೆ ಹೇಳುವವಳು ಆ ಕೇರಿಯ ಬೆಳ್ಳಿ. ಕೇಳಬೇಕಾದ ಶ್ರೀಪತಿಗೆ ಅವಳ ದೇಹ ಬೇಕು, ಮಾತು ಬೇಡ. ಹೀಗೆ ಸುದ್ದಿ ಅಗ್ರಹಾರದ ಹೊಸ್ತಿಲಿನವರೆಗೆ ಬಂದೂ ಒಳಹೋಗಲಿಲ್ಲ. ಕಡೆಗೆ ಹೆಣ ಸುಟ್ಟವರು ಚಂದ್ರಿ ಮತ್ತು ಮೀನಿನ ವ್ಯಾಪಾರಿ ಅಹಮದ್ ಬ್ಯಾರಿ, ಅಂದರೆ ಚರ್ಚೆಯಲ್ಲಿ ಸ್ಥಾನವಿಲ್ಲದವರು. (ಕಾದಂಬರಿಕಾರರೂ ಬೆಳ್ಳಿಗೆ ಹೆಚ್ಚು ಎಡೆಕೊಡಲಿಲ್ಲವೆಂಬ ಆಕ್ಷೇಪ ನ್ಯಾಯವಾದುದೇ.)

ಮಲೆನಾಡಿನ ಈ ಕೃತಿಯನ್ನು ಬಯಲುಸೀಮೆಯ ರಾಯಚೂರಿನಲ್ಲಿ ಬೋಧಿಸುವಾಗ ಈ ಪ್ರಸಂಗವನ್ನು ದಾಟಿಹೋಗುವುದು ಸಾಧ್ಯವಿಲ್ಲ. 2022ರ ಮೇ ತಿಂಗಳ ಕೊನೆಯಲ್ಲಿ ನಗರದ ನಳದ ನೀರು ಕಲುಷಿತಗೊಂಡು ಹಲವರು ಅಸುನೀಗಿದರು. ಅದೇ ಡಿಸೆಂಬರಿನಲ್ಲಿ ರಾಜ್ಯದ ಮೊದಲ ಝೀಕಾ ಪ್ರಕರಣ ಮಾನವಿ ತಾಲೂಕಿನಲ್ಲಿ ದೃಢಪಟ್ಟಿತು. 2023ರ ಮೇ ತಿಂಗಳಲ್ಲಿ ದೇವದುರ್ಗ ತಾಲೂಕಿನ ರೇಕಲಮರಡಿಯಲ್ಲಿ ವಾಂತಿಭೇದಿ ಕಾಣಿಸಿಕೊಂಡಿತು. ಮೂರಕ್ಕೂ ನೀರಿನ ನಂಟುಂಟು: ಝೀಕಾ ಹರಡುವ ಈಡಿಸ್ ಸೊಳ್ಳೆ ಬೆಳೆಯುವುದು ಮನೆಯಲ್ಲಿ ತುಂಬಿಟ್ಟ ತಿಳಿನೀರಿನಲ್ಲಿ. ನೀರಿಗೆ ಬರವಿರುವಲ್ಲಿ ತುಂಬಿಡದೆ ಬಾಳುವುದಾದರೂ ಹೇಗೆ? ನೀರಿನ ಬಣ್ಣ ತಿರುಗಿದುದನ್ನು ಮೊದಲು ಕಾಣುವವಳು ಕೊಡ ಹಿಡಿದು ನಿಂತ ಹೆಂಗಸು. ಓಣಿಯಲ್ಲಿ ಎಷ್ಟು ಮನೆಗಳಲ್ಲಿ ಜ್ವರವಿದೆಯೆಂದು ಬಲ್ಲವಳು ಆಶಾ ಕಾರ್ಯಕರ್ತೆ.

2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಗ್ರಾಮ ಆರೋಗ್ಯ ಸಮಿತಿಗಳಿಗೆ ಎಡೆಮಾಡಿತು. ‘ಜನಸಹಭಾಗಿತ್ವ’ವೆಂಬ ಪದವೂ ಪ್ರಕಟಣೆಗಳಲ್ಲಿ ಹೇರಳವಾಗಿದೆ. ಆದರೆ ಆ ಗದ್ಯದ ಕ್ರಿಯಾಪದಗಳನ್ನು ಗಮನಿಸಬೇಕು: ಕುದಿಸಿ, ಮುಚ್ಚಿಡಿ, ಸಹಕರಿಸಿ. ಎಲ್ಲವೂ ವಿಧ್ಯರ್ಥಕಗಳೇ, ಜನರು ತಿಳಿಸಿದರು, ಅಧಿಕಾರಿಗಳು ಕೇಳಿದರು ಎಂಬ ವಾಕ್ಯಕ್ಕೆ ಅಲ್ಲಿ ಬರಗಾಲ. ಬೆಳ್ಳಿಯಂಥವಳು ಬಂದು ಹೇಳಿದರೆ ಅದನ್ನು ಯಾರು ಬರೆದುಕೊಳ್ಳಬೇಕು, ಎಷ್ಟು ದಿನದೊಳಗೆ ಅವಳಿಗೆ ಉತ್ತರ ಕೊಡಬೇಕು ಎಂಬುದನ್ನು ಆ ಪ್ರಕಟಣೆಗಳು ಮೊದಲ ಸಾಲಿನಲ್ಲಿಯೇ ಹೇಳಬೇಕಾಗಿತ್ತು.